ಬೀರು ಉಳಿದರೂ ಪತ್ರ ಉಳಿಯದು

2019ರ ಫೆಬ್ರವರಿ 23, ಶನಿವಾರ. ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ಪ್ರದರ್ಶನ. ಜನರೆಲ್ಲ ತಲೆಯೆತ್ತಿ ವಿಮಾನ ನೋಡುತ್ತಿದ್ದಾಗ, ಪಾರ್ಕಿಂಗ್ ಬಯಲಿನ ಒಣಹುಲ್ಲಿಗೆ ಬೆಂಕಿ ಬಿತ್ತು. ಬೇಸಗೆ ಕಾಲಿಡುವ ಹೊತ್ತು, ಜೋರು ಗಾಳಿ, ಒಂದಕ್ಕೊಂದು ಒತ್ತಿ ನಿಲ್ಲಿಸಿದ್ದ ಕಾರುಗಳು. ನೋಡನೋಡುತ್ತಲೇ ಸುಮಾರು 300 ಕಾರುಗಳು ಕರಕಲಾದವು. ಯಾರ ಜೀವಕ್ಕೂ ಅಪಾಯವಾಗಲಿಲ್ಲ, ಅಷ್ಟೇ ಸಮಾಧಾನ.

ಕಾರಿನ ಜೊತೆಗೆ ಅದರೊಳಗಿನ ಕಾಗದವೂ ಸುಡುತ್ತದೆ. ಆರ್‌ಸಿ ಸುಟ್ಟರೆ ಇನ್ನೊಂದು ಸಿಗುತ್ತದೆ, ಏಕೆಂದರೆ ಅದರ ವಿವರ ಸಾರಿಗೆ ಇಲಾಖೆಯ ‘ವಾಹನ್’ ದಾಖಲೆಯಲ್ಲಿ ಕುಳಿತಿರುತ್ತದೆ. ಸೀಟಿನ ಮೇಲೆ ಬಿಟ್ಟುಹೋದ ಲ್ಯಾಪ್‌ಟಾಪ್‌ನಲ್ಲಿರುವ ಮಗುವಿನ ಮೊದಲ ಹೆಜ್ಜೆಯ ವಿಡಿಯೊಗೆ ಯಾವ ಇಲಾಖೆಯೂ ನಕಲು ಇಟ್ಟಿರುವುದಿಲ್ಲ. ಮನೆಯ ದಾಖಲೆಗಳ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ನೆನಪಾಗುವುದು ಆ ಬಯಲು.

ನಮ್ಮ ಮನೆಗಳಲ್ಲಿ ದಾಖಲೆ ಎಂದರೆ ಬೀರು. ಆರ್.ಟಿ. ನಗರದ ಹಳೆಯ ಮನೆಯಿರಲಿ, ಯಲಹಂಕ ಉಪನಗರದ ಫ್ಲ್ಯಾಟ್ ಇರಲಿ, ಮಲಗುವ ಕೋಣೆಯಲ್ಲೊಂದು ಕಬ್ಬಿಣದ ಬೀರು, ಅದರ ಲಾಕರಿನಲ್ಲೊಂದು ಪ್ಲಾಸ್ಟಿಕ್ ಫೈಲು. ಕ್ರಯಪತ್ರ, ಮೂಲಪತ್ರ, ಖಾತಾ, ಮಕ್ಕಳ ಅಂಕಪಟ್ಟಿ, ಪಾಸ್‌ಪೋರ್ಟು, ವಿಮೆಯ ಬಾಂಡು ಎಲ್ಲ ಅದರಲ್ಲೇ. ಪಕ್ಕದಲ್ಲಿ ಹಾರ್ಡ್ ಡಿಸ್ಕ್. ‘ಕಬ್ಬಿಣದ್ದಲ್ವಾ, ಅದಕ್ಕೇನಾಗುತ್ತೆ’ ಎಂಬ ಧೈರ್ಯ. ಕಳ್ಳನ ಮಟ್ಟಿಗೆ ಅದು ಸರಿ. ಬೆಂಕಿಯ ಮಟ್ಟಿಗೆ ಬರೀ ಭ್ರಮೆ.

ಬೀರುವಿನ ತಗಡು ದೋಸೆಯ ಕಾವಲಿಗಿಂತ ತೆಳು. ಕಾವಲಿಯ ಕೆಳಗಿನ ಉರಿ ಮೇಲಿನ ಹಿಟ್ಟಿಗೆ ತಲುಪಲು ಎಷ್ಟು ಹೊತ್ತು ಬೇಕು ಹೇಳಿ. ಹೊತ್ತಿಕೊಂಡ ಕೋಣೆಯೊಂದರಲ್ಲಿ ಮಂಚ, ಹಾಸಿಗೆ, ಪರದೆಗಳೆಲ್ಲ ಒಟ್ಟಿಗೆ ಭುಗಿಲೇಳುವ ಹಂತಕ್ಕೆ ಚಾವಣಿಯ ಬಳಿಯ ಗಾಳಿ 500ರಿಂದ 600 ಡಿಗ್ರಿ ಸೆಲ್ಸಿಯಸ್ ಮುಟ್ಟಿರುತ್ತದೆ. ಕಾಗದ ತಾನಾಗಿ ಹೊತ್ತಿಕೊಳ್ಳುವುದು ಸುಮಾರು 230 ಡಿಗ್ರಿಯಲ್ಲಿ. ಅದಕ್ಕೂ ಮೊದಲೇ ಅದು ಕಂದುಗಟ್ಟಿ ಹಪ್ಪಳದಂತೆ ಪುಡಿಯಾಗತೊಡಗುತ್ತದೆ. ಮುಚ್ಚಿದ ಬೀರುವಿನಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಜ್ವಾಲೆ ಏಳದೆಯೂ ಇರಬಹುದು. ಆದರೆ ಮಣ್ಣು ಮುಚ್ಚಿದ ಗೂಡಿನೊಳಗೆ ಸೌದೆ ಉರಿಯದೆ ಇದ್ದಿಲಾಗುವಂತೆ, ಬೀಗ ಹಾಕಿದ ಬೀರುವಿನಲ್ಲಿ ಕ್ರಯಪತ್ರ ಇದ್ದಿಲಾಗುತ್ತದೆ. ಪ್ಲಾಸ್ಟಿಕ್ ಫೈಲು ಕರಗಿ ಹಾಳೆಗಳನ್ನೆಲ್ಲ ಒಂದೇ ಮುದ್ದೆ ಮಾಡುತ್ತದೆ. ಲ್ಯಾಮಿನೇಷನ್ ರಕ್ಷೆ ಎಂದು ನಂಬಿದವರಿಗೂ ಇದೇ ಮಾತು: ಒಳಗಿನ ಅಂಟು ನೀರು ಕುದಿಯುವ ಮೊದಲೇ ಮೆತ್ತಗಾಗುತ್ತದೆ. ಎಟಿಎಂ ಚೀಟಿ, ಅಂಗಡಿ ರಸೀದಿಗಳಂಥ ಶಾಖಕಾಗದಕ್ಕೆ ಬೆಂಕಿ ತಾಗುವುದೂ ಬೇಡ, ಪಕ್ಕದ ಕೋಣೆಯ ಬಿಸಿಗೇ ಪೂರ್ತಿ ಕಪ್ಪಾಗಬಲ್ಲದು.

ನಿಜವಾದ ಅಗ್ನಿನಿರೋಧಕ ಪೆಟ್ಟಿಗೆ ಬೇರೆಯದೇ ಉಪಾಯದಿಂದ ಕೆಲಸ ಮಾಡುತ್ತದೆ. ಶಾಲೆಯಲ್ಲಿ ಮಾಡಿದ ಪ್ರಯೋಗ ನೆನಪಿದೆಯೆ? ಕಾಗದದ ದೊನ್ನೆಯಲ್ಲಿ ನೀರು ಹಾಕಿ ದೀಪದ ಮೇಲೆ ಹಿಡಿದರೆ ನೀರು ಕುದಿಯುತ್ತದೆ, ದೊನ್ನೆ ಸುಡುವುದಿಲ್ಲ. ಬಂದ ಶಾಖವನ್ನೆಲ್ಲ ನೀರು ಆವಿಯಾಗಲು ಕಬಳಿಸುತ್ತದೆ. ಪೆಟ್ಟಿಗೆಯ ಎರಡು ತಗಡುಗಳ ನಡುವೆ ಜಿಪ್ಸಂ ಅಥವಾ ಅಂಥದೇ ಗಾರೆ ತುಂಬಿರುತ್ತಾರೆ. ಮುಟ್ಟಿದರೆ ಒಣಗಿದಂತಿರುವ ಈ ಜಿಪ್ಸಂನ ತೂಕದಲ್ಲಿ ಶೇ 21ರಷ್ಟು ನೀರೇ, ಹರಳಿನೊಳಗೆ ಬಂಧಿಯಾದ ನೀರು. ಬೆಂಕಿ ಮುತ್ತಿದಾಗ ಆ ನೀರು ಹಬೆಯಾಗಿ ಹೊರಡುತ್ತದೆ. ಅದು ಮುಗಿಯುವವರೆಗೆ ಒಳಗಿನ ಬಿಸಿ ಹತೋಟಿಯಲ್ಲಿರುತ್ತದೆ. ಕಾಗದದ ಪೆಟ್ಟಿಗೆಗಳಿಗೆ ಅಮೆರಿಕದ ಯುಎಲ್ 72 ಮಾನದಂಡ ವಿಧಿಸುವ ಮಿತಿ 177 ಡಿಗ್ರಿ: ಹೊರಗೆ 900 ಡಿಗ್ರಿ ದಾಟುವ ಕುಲುಮೆಯಲ್ಲಿ ಒಂದು ಗಂಟೆ ಇಟ್ಟರೂ ಒಳಗೆ ಅದನ್ನು ಮೀರಬಾರದು. ಪೆಟ್ಟಿಗೆ ಕೊಳ್ಳುವಾಗ ಕೇಳಬೇಕಾದದ್ದು ಬೀಗದ ಕುರಿತಲ್ಲ. ಎಷ್ಟು ಹೊತ್ತು ತಡೆಯುತ್ತದೆ, ಒಳಗಿನ ಬಿಸಿ ಎಲ್ಲಿಗೆ ನಿಲ್ಲುತ್ತದೆ, ಯಾರು ಪರೀಕ್ಷಿಸಿದ್ದಾರೆ ಎಂಬುದನ್ನು.

ಇಲ್ಲೇ ಹಲವರು ಎಡವುತ್ತಾರೆ. ಕಾಗದಕ್ಕೆಂದು ತಂದ ಆ ಒಳ್ಳೆಯ ಪೆಟ್ಟಿಗೆಯಲ್ಲೇ ಹಾರ್ಡ್ ಡಿಸ್ಕನ್ನೂ ಇಡುತ್ತಾರೆ. ಜಿಪ್ಸಂನಿಂದ ಹೊರಟ ಹಬೆಯ ಒಂದು ಪಾಲು ಒಳಗೂ ನುಗ್ಗಿ, ಪೆಟ್ಟಿಗೆ ಇಡ್ಲಿ ಪಾತ್ರೆಯಾಗುತ್ತದೆ. ಕಾಗದ ಒದ್ದೆಯಾದರೂ ಓದಲು ಬರುತ್ತದೆ, ಡಿಸ್ಕ್ ಹಾಗಲ್ಲ. ಅದೇ ಮಾನದಂಡ ಡಿಸ್ಕ್‌ನಂಥ ಸಾಧನಗಳಿಗೆ ಹಾಕುವ ಮಿತಿ ಬರೀ 52 ಡಿಗ್ರಿ, ತೇವಾಂಶ ಶೇ 80. ಮೇ ತಿಂಗಳ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೇ ಬಿಸಿ ಇದರ ಸಮೀಪಕ್ಕೆ ಹೋಗುತ್ತದೆ. ಪೆನ್‌ಡ್ರೈವ್ ಮತ್ತು ಎಸ್‌ಎಸ್‌ಡಿಗಳ ಪಾಡು ಇನ್ನೊಂದು ಬಗೆ. ಅವುಗಳಲ್ಲಿ ಮಾಹಿತಿ ಎಂದರೆ ಪುಟ್ಟ ಕೋಶಗಳಲ್ಲಿ ಕೂಡಿಟ್ಟ ಎಲೆಕ್ಟ್ರಾನುಗಳು, ಬಿಸಿ ಏರಿದಷ್ಟೂ ಅವು ಬೇಗ ಸೋರುತ್ತವೆ. ಬೆಂಕಿ ತಲುಪದ ಕೋಣೆಯೂ ಸುರಕ್ಷಿತವಲ್ಲ. ಸುಡುವ ಪಿವಿಸಿ ವೈರಿನ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ. ತೇವದೊಡನೆ ಸೇರಿ ಅದು ಆಮ್ಲವಾಗಿ, ಸರ್ಕ್ಯೂಟಿನ ಲೋಹವನ್ನು ದಿನಗಳುದ್ದಕ್ಕೂ ತಿನ್ನುತ್ತ ಹೋಗುತ್ತದೆ.

ಹಾಗಾದರೆ ಏನನ್ನು ಕಾಪಾಡಬೇಕು? ಫೈಲು ಬಿಚ್ಚಿ ಒಂದೊಂದೇ ಹಾಳೆ ಹಿಡಿದು ‘ಇದು ಸುಟ್ಟರೆ ಮತ್ತೆ ಎಲ್ಲಿ ಸಿಗುತ್ತದೆ’ ಎಂದು ಕೇಳಿಕೊಂಡರೆ ಭಯ ಅರ್ಧ ಇಳಿಯುತ್ತದೆ. ನೋಂದಾಯಿತ ಕ್ರಯಪತ್ರದ ಪ್ರತಿ ಉಪನೋಂದಣಿ ಕಚೇರಿಯಲ್ಲಿರುತ್ತದೆ, ದೃಢೀಕೃತ ನಕಲನ್ನೂ ಋಣಭಾರ ಪತ್ರವನ್ನೂ ‘ಕಾವೇರಿ’ ಜಾಲತಾಣದ ಮೂಲಕ ಪಡೆಯಬಹುದು. ಪಹಣಿ ‘ಭೂಮಿ’ ಜಾಲತಾಣದಲ್ಲಿದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ನಕಲು ಮಲ್ಲೇಶ್ವರದ ಪರೀಕ್ಷಾ ಮಂಡಳಿಯಿಂದ ಬರುತ್ತದೆ. ಅಲೆದಾಟವಿದೆ, ಪೊಲೀಸ್ ದೂರು, ಪತ್ರಿಕಾ ಪ್ರಕಟಣೆಗಳ ಖರ್ಚಿದೆ. ಮೂಲಪತ್ರವಿಲ್ಲದ ಆಸ್ತಿಗೆ ಸಾಲ ಕೊಡಲು ಬ್ಯಾಂಕುಗಳು ಹಿಂದೇಟು ಹಾಕುವುದೂ ಉಂಟು. ಆದರೂ ದಾರಿ ಇದೆ. 2015ರಲ್ಲಿ ಬಂದ ಡಿಜಿಲಾಕರ್ ಬಗ್ಗೆ ಒಂದು ಎಚ್ಚರಿಕೆ ಮಾತ್ರ: ಇಲಾಖೆಯೇ ನೇರವಾಗಿ ಅಲ್ಲಿಗೆ ನೀಡಿದ ದಾಖಲೆಗೆ ಕಾನೂನಿನಲ್ಲಿ ಮೂಲದ ಮಾನ್ಯತೆಯಿದೆ, ನಾವೇ ಫೋಟೊ ಹಿಡಿದು ಏರಿಸಿದ್ದಕ್ಕೆ ಇಲ್ಲ.

ಮತ್ತೆ ಸಿಗದವು ಕೆಲವೇ. ಅಪ್ಪ ಬಿಳಿ ಹಾಳೆಯ ಮೇಲೆ ಬರೆದು ಸಾಕ್ಷಿ ಹಾಕಿಸಿಟ್ಟ, ನೋಂದಣಿಯಾಗದ ಉಯಿಲು. ಅಣ್ಣತಮ್ಮಂದಿರ ನಡುವಿನ ಹಳೆಯ ಪಾಲುಪಟ್ಟಿ. ಅಜ್ಜಿಯ ಪತ್ರಗಳು, ಮದುವೆಯ ಆಲ್ಬಮ್ಮು. ಉಯಿಲಿಗಂತೂ ಒಳ್ಳೆಯ ವ್ಯವಸ್ಥೆಯೊಂದಿದೆ, ಬಳಸುವವರು ಕಡಿಮೆ. 1908ರ ನೋಂದಣಿ ಕಾಯ್ದೆಯ 42ನೇ ಕಲಮಿನಡಿ ಅದನ್ನು ಮೊಹರು ಹಾಕಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡಬಹುದು. ಇದೊಂದು ಕಾಗದವನ್ನಾದರೂ ಮನೆಯಿಂದ ಹೊರಗೆ ಕಳಿಸಿ ಎನ್ನುತ್ತೇನೆ.

ಏಕೆಂದರೆ ಬೆಂಕಿ ಸುಡುವುದು ಜಾಗವನ್ನು. ಆ ಜಾಗದಲ್ಲಿ ಎಷ್ಟು ಪ್ರತಿ ಇದ್ದರೂ ಒಂದೇ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ, ಲಿಥಿಯಂ ಬ್ಯಾಟರಿಗಳನ್ನು ಸ್ಥಳಾಂತರಿಸುವಾಗ ಬೆಂಕಿ ಎದ್ದಿತು. ನೌಕರರು ಕಡತಗಳನ್ನಿಡುತ್ತಿದ್ದ ‘ಜಿ-ಡ್ರೈವ್’ನ 858 ಟೆರಾಬೈಟ್ ಮಾಹಿತಿ ಸುಟ್ಟುಹೋಯಿತು. ಅದರ ಇನ್ನೊಂದು ಪ್ರತಿ ಬೇರೆಲ್ಲೂ ಇರಲಿಲ್ಲ. ಅಷ್ಟು ಮುಂದುವರಿದ ದೇಶಕ್ಕೇ ಹೀಗಾದರೆ, ಲ್ಯಾಪ್‌ಟಾಪ್ ಮತ್ತು ಬ್ಯಾಕಪ್ ಡಿಸ್ಕ್ ಎರಡನ್ನೂ ಒಂದೇ ಮೇಜಿನ ಮೇಲಿಟ್ಟು, ಕೆಳಗೆ ಯುಪಿಎಸ್ ಬ್ಯಾಟರಿ ಇರಿಸಿಕೊಂಡ ನಮ್ಮ ಗತಿಯೇನು? ಒಂದು ಡಿಸ್ಕ್ ಪಾಸ್‌ವರ್ಡ್ ಹಾಕಿ ತುಮಕೂರಿನ ಅಕ್ಕನ ಮನೆಗೆ ಹೋಗಲಿ, ಹಬ್ಬಕ್ಕೆ ಹೋದಾಗ ಬದಲಿಸಿಕೊಂಡು ಬಂದರಾಯಿತು. ಇನ್ನೊಂದು ಪ್ರತಿ ಕ್ಲೌಡ್‌ನಲ್ಲಿರಲಿ. ಮೂಲಕಾಗದಗಳಿಗೆ ಬ್ಯಾಂಕ್ ಲಾಕರ್ ವಾಸಿ. ತನ್ನ ಕಟ್ಟಡದಲ್ಲಿ ತನ್ನ ನಿರ್ಲಕ್ಷ್ಯದಿಂದ ಬೆಂಕಿ ಬಿದ್ದರೆ ಬ್ಯಾಂಕು ವಾರ್ಷಿಕ ಬಾಡಿಗೆಯ 100 ಪಟ್ಟು ಕೊಡಬೇಕೆಂಬ ನಿಯಮ 2022ರಿಂದ ಜಾರಿಯಲ್ಲಿದೆ, ಆದರೆ ಹಣ ಕಾಗದವನ್ನು ತಂದುಕೊಡದು. ಅದಕ್ಕೇ ಸ್ಕ್ಯಾನ್ ಮಾಡಿದ ಪ್ರತಿ ಬೇರೆ ಕಡೆ ಇರಬೇಕು.

ಇದೇನೂ ಕಂಪ್ಯೂಟರ್ ಕಾಲದ ಹೊಸ ಬುದ್ಧಿಯಲ್ಲ. ಶಾಸನತಜ್ಞ ಬಿ.ಎಲ್. ರೈಸ್ 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳ ಪಾಠವನ್ನು ಎಪಿಗ್ರಾಫಿಯ ಕರ್ನಾಟಿಕದ ಸಂಪುಟವಾಗಿ ಅಚ್ಚು ಹಾಕಿಸಿದರು. ಊರು ಬೆಳೆದಂತೆ ಅದರಲ್ಲಿನ ಎಷ್ಟೋ ಕಲ್ಲುಗಳು ಕಾಣೆಯಾದವು. ಗಟ್ಟಿ ಕಲ್ಲು ಹೋಯಿತು, ಕಾಗದದ ಮೇಲಿನ ಪ್ರತಿ ಉಳಿಯಿತು. ಹೆಬ್ಬಾಳದ ಕಿತ್ತಯ್ಯನ ಶಾಸನ ಸುಮಾರು ಕ್ರಿ.ಶ. 750ರದು, ಗಂಗರ ಶ್ರೀಪುರುಷನ ಕಾಲದ್ದು. ಕಲ್ಲು ಹೆಬ್ಬಾಳದಲ್ಲೇ ಇದೆ, ಆದರೂ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಒಂದೊಂದಾಗಿ ತ್ರಿಡಿ ಸ್ಕ್ಯಾನ್ ಮಾಡುತ್ತಿದ್ದಾರೆ.

ಬೆಂಕಿ ಬಿದ್ದೇಬಿಟ್ಟರೆ ಫೈಲಿಗಾಗಿ ಒಳಗೆ ಓಡಬೇಡಿ, 101ಕ್ಕೋ 112ಕ್ಕೋ ಕರೆ ಮಾಡಿ ಹೊರಗೆ ನಿಲ್ಲಿ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತದ್ದು ಉರಿಗಿಂತ ಹೆಚ್ಚಾಗಿ ಹೊಗೆಯ ಕಾರಣಕ್ಕೆ: ಕೆಲವರು ಉಸಿರುಗಟ್ಟಿ, ಕೆಲವರು ತಾಳಲಾರದೆ ಕೆಳಗೆ ಹಾರಿ. ಎಲ್ಲ ಆರಿದ ಮೇಲೂ ಪೆಟ್ಟಿಗೆಯನ್ನು ಕೂಡಲೇ ತೆರೆಯಬಾರದು. ಒಳಗೆ ಕಾದು ಕುಳಿತ ಕಾಗದಕ್ಕೆ ಗಾಳಿ ಸಿಕ್ಕಿದೊಡನೆ ಅದು ಭಗ್ಗನೆ ಹೊತ್ತಿಕೊಳ್ಳಬಹುದು. ಮುಟ್ಟಿದರೆ ತಣ್ಣಗಿರುವವರೆಗೂ, ಒಂದು ದಿನವೇ ಆಗಲಿ, ಕಾಯಬೇಕು. ನೀರಿನಲ್ಲಿ ನೆಂದ ಹಾಳೆಗಳನ್ನು ಬಿಡಿಸಲು ಹೋದರೆ ಹರಿಯುತ್ತವೆ, ಹಾಗೇ ಬಿಟ್ಟರೆ ಎರಡು ಮೂರು ದಿನದಲ್ಲಿ ಬೂಷ್ಟು. 1973ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ಸೈನಿಕರ ದಾಖಲೆ ಕೇಂದ್ರ ಸುಟ್ಟಾಗ, ನೆಂದ ಕಡತಗಳನ್ನು ನಿರ್ವಾತ ಕೋಣೆಯಲ್ಲಿಟ್ಟು ಒಣಗಿಸಿದರು. ಮನೆಯಲ್ಲಿ ಅಂಥದ್ದಿಲ್ಲ, ಆದರೆ ಫ್ರಿಜ್ ಇದೆ. ಒದ್ದೆ ಕಟ್ಟನ್ನು ಹಾಗೆಯೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಟ್ಟರೆ ಬೂಷ್ಟು ಅಲ್ಲಿಗೇ ನಿಲ್ಲುತ್ತದೆ. ಬಲ್ಲವರೊಬ್ಬರನ್ನು ಹುಡುಕಿ ತೋರಿಸಲು ವಾರಗಳ ಬಿಡುವು ಸಿಗುತ್ತದೆ.