ನೆಗೆಟಿವ್ ರಕ್ತ: ಭಯ ಬೇಡ, ಮರೆವೂ ಬೇಡ

ಹತ್ತನೆಯ ತರಗತಿಗೆ ಆನುವಂಶೀಯತೆಯ ಪಾಠ ಮುಗಿದ ಮೇಲೆ ನಮ್ಮ ಶಾಲೆಯಲ್ಲಿ ಒಂದು ದಿನ ರಕ್ತದ ಗುಂಪಿನ ಪರೀಕ್ಷೆ ಏರ್ಪಾಡಾಗಿತ್ತು. ಮರುದಿನ ಬೆಳಿಗ್ಗೆ ಪ್ರಾರ್ಥನೆಯ ಗಂಟೆ ಹೊಡೆಯುವ ಮುಂಚೆಯೇ ಒಬ್ಬ ವಿದ್ಯಾರ್ಥಿನಿಯ ತಂದೆ ಚೀಟಿ ಹಿಡಿದುಕೊಂಡು ಬಂದರು. ಅದರಲ್ಲಿ ‘ಬಿ ನೆಗೆಟಿವ್’ ಎಂದು ಬರೆದಿತ್ತು.

“ಮೇಷ್ಟ್ರೇ, ನಾನೂ ಪಾಸಿಟಿವ್, ನಮ್ಮ ಮನೆಯವಳೂ ಪಾಸಿಟಿವ್. ಇವಳೊಬ್ಬಳು ಹೇಗೆ ನೆಗೆಟಿವ್ ಆದಳು? ಇದೇನು ಕಾಯಿಲೆಯೇ? ಮುಂದೆ ಮದುವೆ ಮಾತು ಬಂದಾಗ ಇದನ್ನು ಹೇಳದೇ ಇದ್ದರೆ ಆಗದೇ?”

ಮೊದಲೆರಡು ಪ್ರಶ್ನೆಗಳಿಗೆ ಉತ್ತರ ಸುಲಭ. ಮೂರನೆಯದನ್ನು ಕೇಳಿದಾಗ ನನಗೆ ನನ್ನ ಸೋದರತ್ತೆ ನೆನಪಾದರು.

ಅತ್ತೆಯ ಚೊಚ್ಚಲ ಹೆರಿಗೆ ಸುಸೂತ್ರವಾಗಿ ಆಗಿತ್ತು. ಎರಡನೆಯ ಮಗು ಹುಟ್ಟಿದ ದಿನವೇ ಅರಿಸಿನ ಬಳಿದ ಹಾಗೆ ಹಳದಿಯಾಗಿ, ಮೂರನೆಯ ದಿನ ತೀರಿಕೊಂಡಿತು. ಮೂರನೆಯದು ಹೊಟ್ಟೆಯಲ್ಲೇ ಹೋಯಿತು. ಇದು 1970ರ ದಶಕದ ಕೊನೆಯ ಮಾತು. ಊರಿನವರು ದೃಷ್ಟಿ ಎಂದರು, ನಾಗದೋಷ ಎಂದರು. ಅತ್ತೆ ಹೊರದ ಹರಕೆಯಿಲ್ಲ. ಬಹಳ ವರ್ಷಗಳ ನಂತರ, ಶಸ್ತ್ರಚಿಕಿತ್ಸೆಯೊಂದಕ್ಕೆ ಮೊದಲು ರಕ್ತ ಪರೀಕ್ಷೆ ಮಾಡಿಸಿದಾಗ ಅವರದು ನೆಗೆಟಿವ್ ಗುಂಪೆಂದು ತಿಳಿಯಿತು. ಮಾವನದು ಪಾಸಿಟಿವ್. ಹಿಂದಿನ ಕಥೆಯನ್ನು ಕೇಳಿದ ವೈದ್ಯರು, “ಇದಕ್ಕೆ ಆಗಲೇ ಒಂದು ಇಂಜೆಕ್ಷನ್ ಇತ್ತಲ್ಲ ತಾಯಿ” ಎಂದರಂತೆ. ಅತ್ತೆ ಆ ರಾತ್ರಿ ಊಟ ಮಾಡಲಿಲ್ಲ.

ಏನಿದು ಆರ್‌ಎಚ್?

ರಕ್ತದಲ್ಲಿ ಎ, ಬಿ, ಒ ಎಂಬ ಗುಂಪುಗಳಿವೆ ಎಂದು ಕಾರ್ಲ್ ಲ್ಯಾಂಡ್‌ಸ್ಟೈನರ್ ತೋರಿಸಿಕೊಟ್ಟದ್ದು 1901ರಲ್ಲಿ. ಅದೇ ವಿಜ್ಞಾನಿ 1940ರಲ್ಲಿ ಅಲೆಕ್ಸಾಂಡರ್ ವೀನರ್ ಜೊತೆಗೂಡಿ ಇನ್ನೊಂದು ಅಂಶವನ್ನು ಪ್ರಕಟಿಸಿದರು. ರೀಸಸ್ ಜಾತಿಯ ಕೋತಿಯ ರಕ್ತವನ್ನು ಬಳಸಿ ಪ್ರಯೋಗ ನಡೆಸಿದ್ದರಿಂದ ಅದಕ್ಕೆ ‘ಆರ್‌ಎಚ್’ ಎಂಬ ಹೆಸರು ಬಂತು. ನಮ್ಮ ಕೆಂಪು ರಕ್ತಕಣಗಳ ಮೇಲೆ ‘ಡಿ’ ಎಂಬ ಪ್ರೋಟೀನ್ ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಅಷ್ಟೇ. ಯೂರೋಪಿನವರಲ್ಲಿ ನೂರಕ್ಕೆ ಸುಮಾರು 15 ಮಂದಿ ನೆಗೆಟಿವ್. ನಮ್ಮ ದೇಶದಲ್ಲಿ ಸುಮಾರು 5 ಮಂದಿ. ಇದು ಕಾಯಿಲೆಯಲ್ಲ, ಕೊರತೆಯೂ ಅಲ್ಲ. ಕೆಲವರ ಕಣ್ಣು ಕಂದಾಗಿರುವಂತೆ, ಕೆಲವರದು ಕಪ್ಪಾಗಿರುವಂತೆ ಇದೂ ಒಂದು ಹುಟ್ಟುಗುಣ.

ತಂದೆತಾಯಿ ಇಬ್ಬರೂ ಪಾಸಿಟಿವ್ ಆಗಿದ್ದು ಮಗಳು ನೆಗೆಟಿವ್ ಆಗುವುದು ಹೇಗೆ? ಮೆಂಡೆಲನ ಬಟಾಣಿ ಗಿಡಗಳನ್ನು ನೆನಪಿಸಿಕೊಳ್ಳಿ. ಪಾಸಿಟಿವ್ ಗುಣ ಪ್ರಬಲ, ನೆಗೆಟಿವ್ ಗುಣ ದುರ್ಬಲ. ತಂದೆತಾಯಿ ಇಬ್ಬರಲ್ಲೂ ಒಂದೊಂದು ದುರ್ಬಲ ಜೀನ್ ಅಡಗಿದ್ದರೆ, ಅವೆರಡೂ ಒಂದೇ ಮಗುವಿಗೆ ಬಂದು ಸೇರುವ ಸಂಭವ ನಾಲ್ಕರಲ್ಲಿ ಒಂದು. ಹುಡುಗಿಯ ತಂದೆಗೆ ಕರಿಹಲಗೆಯ ಮೇಲೆ ಇದನ್ನೇ ಬರೆದು ತೋರಿಸಿದೆ.

ದೇಹ ಕಲಿಯುವ ಪಾಠ

ಬಸುರಿನಲ್ಲಿ ಇದರಿಂದ ತೊಂದರೆ ಬರುವುದು ಒಂದೇ ಸಂದರ್ಭದಲ್ಲಿ. ತಾಯಿ ನೆಗೆಟಿವ್ ಆಗಿದ್ದು, ಹೊಟ್ಟೆಯಲ್ಲಿರುವ ಮಗು ತಂದೆಯಿಂದ ಪಾಸಿಟಿವ್ ಗುಣ ಪಡೆದಿದ್ದರೆ ಮಾತ್ರ. ಹೆಂಡತಿ ಪಾಸಿಟಿವ್, ಗಂಡ ನೆಗೆಟಿವ್ ಆಗಿದ್ದರೆ ಈ ಪ್ರಶ್ನೆಯೇ ಏಳದು. ಇಬ್ಬರೂ ನೆಗೆಟಿವ್ ಆಗಿದ್ದರೂ ಅಷ್ಟೆ.

ಬಸುರಿನಲ್ಲಿ ತಾಯಿಯ ರಕ್ತ ಮತ್ತು ಮಗುವಿನ ರಕ್ತ ಬೆರೆಯುವುದಿಲ್ಲ. ನಡುವೆ ಮಾಸು ಇದೆ. ಆದರೆ ಹೆರಿಗೆಯಲ್ಲಿ ಮಾಸು ಕಳಚುವಾಗ ಮಗುವಿನ ಸ್ವಲ್ಪ ರಕ್ತ ತಾಯಿಯ ರಕ್ತನಾಳಕ್ಕೆ ನುಗ್ಗಬಹುದು. ತಾಯಿಯ ದೇಹ ಆ ಕಣಗಳನ್ನು ಪರಕೀಯವೆಂದು ಗುರುತಿಸಿ, ಅವುಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಲು ಕಲಿಯುತ್ತದೆ. ಈ ಕಲಿಕೆಗೆ ವಾರಗಳು ಹಿಡಿಯುತ್ತವೆ. ಅಷ್ಟರಲ್ಲಿ ಮೊದಲ ಮಗು ಹುಟ್ಟಿ ತೊಟ್ಟಿಲಲ್ಲಿ ಮಲಗಿರುತ್ತದೆ. ಆದ್ದರಿಂದಲೇ ಚೊಚ್ಚಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

ಆದರೆ ಕಲಿತ ಪಾಠವನ್ನು ದೇಹ ಮರೆಯುವುದಿಲ್ಲ. ಮುಂದಿನ ಮಗುವೂ ಪಾಸಿಟಿವ್ ಆಗಿದ್ದರೆ, ತಾಯಿಯ ಪ್ರತಿಕಾಯಗಳು ಮಾಸನ್ನು ದಾಟಿ ಹೋಗಿ ಮಗುವಿನ ಕೆಂಪುಕಣಗಳನ್ನು ಒಡೆಯುತ್ತವೆ. ಮಗುವಿಗೆ ರಕ್ತಹೀನತೆ ಉಂಟಾಗುತ್ತದೆ. ಹುಟ್ಟಿದ ಮೇಲೆ ತೀವ್ರ ಕಾಮಾಲೆ ಬಂದು ಮಿದುಳಿಗೂ ಹಾನಿಯಾಗಬಹುದು. ಕೆಲವೊಮ್ಮೆ ಮಗು ಗರ್ಭದಲ್ಲೇ ಸಾಯುತ್ತದೆ. ನಮ್ಮ ಅತ್ತೆಗೆ ಆದದ್ದು ಇದೇ.

ಕಲಿಯುವ ಮುನ್ನವೇ ಒರೆಸುವ ಉಪಾಯ

1960ರ ದಶಕದಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಒಂದೇ ಉಪಾಯವನ್ನು ಕಂಡುಕೊಂಡವು. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಸಿರಿಲ್ ಕ್ಲಾರ್ಕ್, ರೊನಾಲ್ಡ್ ಫಿನ್ ಮತ್ತಿತರರು. ನ್ಯೂಯಾರ್ಕ್ ಕಡೆ ವಿನ್ಸೆಂಟ್ ಫ್ರೀಡಾ, ಜಾನ್ ಗಾರ್ಮನ್, ವಿಲಿಯಂ ಪೊಲಾಕ್. ಕ್ಲಾರ್ಕ್ ಅವರಿಗೆ ಚಿಟ್ಟೆ ಸಾಕುವ ಹವ್ಯಾಸ. ಚಿಟ್ಟೆಗಳ ಆನುವಂಶೀಯತೆಯ ಅಧ್ಯಯನವೇ ಅವರನ್ನು ಮನುಷ್ಯರ ರಕ್ತದ ಗುಂಪುಗಳತ್ತ ಕರೆತಂದದ್ದು!

ಉಪಾಯ ಇಷ್ಟು: ಬೇರೊಬ್ಬರ ರಕ್ತದಲ್ಲಿ ತಯಾರಾದ ಆ್ಯಂಟಿ-ಡಿ ಪ್ರತಿಕಾಯಗಳನ್ನು ತಾಯಿಗೆ ಚುಚ್ಚುಮದ್ದಾಗಿ ಕೊಟ್ಟರೆ, ಅವು ಒಳಹೊಕ್ಕ ಮಗುವಿನ ರಕ್ತಕಣಗಳನ್ನು ಬೇಗನೆ ತೊಲಗಿಸುತ್ತವೆ. ತಾಯಿಯ ದೇಹ ಕಲಿಯಲು ಪಾಠವೇ ಉಳಿಯುವುದಿಲ್ಲ. ಮಕ್ಕಳು ನಕಲು ಮಾಡಿಕೊಳ್ಳುವ ಮುನ್ನವೇ ಹಲಗೆ ಒರೆಸಿಬಿಟ್ಟ ಹಾಗೆ. 1968ರಲ್ಲಿ ಈ ಮದ್ದು ಅಮೆರಿಕದಲ್ಲಿ ಬಳಕೆಗೆ ಬಂತು.

ಈ ಪ್ರತಿಕಾಯಗಳು ಬಹುಕಾಲದಿಂದ ಬರುತ್ತಿರುವುದು ರಕ್ತದಾನಿಗಳಿಂದ. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ 14ನೇ ವಯಸ್ಸಿನಲ್ಲಿ ಎದೆಯ ಶಸ್ತ್ರಚಿಕಿತ್ಸೆಯಾದಾಗ ಪರರ ರಕ್ತದಿಂದ ಬದುಕಿದವರು. 18 ತುಂಬಿದ ಮೇಲೆ ತಾವೂ ದಾನಕ್ಕೆ ನಿಂತರು. ಅವರ ರಕ್ತದಲ್ಲಿ ಈ ಪ್ರತಿಕಾಯ ಹೇರಳವಾಗಿತ್ತು. 2018ರವರೆಗೆ ಅವರು 1,173 ಸಲ ದಾನ ಮಾಡಿದರು. ಸುಮಾರು 24 ಲಕ್ಷ ಶಿಶುಗಳಿಗೆ ಅದರಿಂದ ನೆರವಾಯಿತೆಂದು ಅಲ್ಲಿನ ರೆಡ್‌ಕ್ರಾಸ್‌ನ ಅಂದಾಜು. 2025ರ ಫೆಬ್ರವರಿಯಲ್ಲಿ, 88ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಯಾವಾಗ, ಹೇಗೆ?

ಬಸುರಿ ಮೊದಲ ಬಾರಿ ತಪಾಸಣೆಗೆ ಹೋದಾಗಲೇ ರಕ್ತದ ಗುಂಪು ಪರೀಕ್ಷಿಸಿ ತಾಯಿ ಕಾರ್ಡಿನಲ್ಲಿ ಬರೆಸಬೇಕು. ನೆಗೆಟಿವ್ ಆಗಿದ್ದರೆ ಗಂಡನ ಗುಂಪನ್ನೂ ನೋಡುತ್ತಾರೆ. ತಾಯಿಯಲ್ಲಿ ಪ್ರತಿಕಾಯ ಹುಟ್ಟಿದೆಯೇ ಎಂದು ತಿಳಿಯಲು ‘ಕೂಂಬ್ಸ್’ ಪರೀಕ್ಷೆ ಮಾಡುತ್ತಾರೆ. ಹುಟ್ಟಿಲ್ಲವಾದರೆ ಸಾಮಾನ್ಯವಾಗಿ 28ನೇ ವಾರದ ಹೊತ್ತಿಗೆ ಒಂದು ಚುಚ್ಚುಮದ್ದು. ಹೆರಿಗೆಯ ನಂತರ ಮಗುವಿನ ಗುಂಪು ಪಾಸಿಟಿವ್ ಎಂದು ಕಂಡರೆ 72 ಗಂಟೆಗಳೊಳಗೆ ಇನ್ನೊಂದು. ಹೇಗೋ ತಡವಾಯಿತೆಂದು ಕೈಬಿಡದೆ ವೈದ್ಯರನ್ನು ಕೇಳಬೇಕು.

ಬಹಳ ಮನೆಗಳಲ್ಲಿ ಎಡವುವುದು ಇಲ್ಲಿ: ಗರ್ಭಪಾತವಾದರೂ, ಗರ್ಭ ತೆಗೆಸಿದರೂ, ಬಸುರಿನಲ್ಲಿ ರಕ್ತಸ್ರಾವವಾದರೂ, ಹೊಟ್ಟೆಗೆ ಪೆಟ್ಟು ಬಿದ್ದರೂ ರಕ್ತ ಬೆರೆಯಬಹುದು. ಆಗಲೂ ಈ ಮದ್ದು ಬೇಕಾಗಬಹುದು. ‘ಮಗುವೇ ನಿಲ್ಲಲಿಲ್ಲ, ಇನ್ನೇಕೆ ಆಸ್ಪತ್ರೆ’ ಎಂದು ಮನೆಯಲ್ಲೇ ಉಳಿದರೆ ಮುಂದಿನ ಬಸುರಿಗೆ ಅಪಾಯ. ಹಾಗೆಯೇ, ಬಸುರು ನಿಂತದ್ದನ್ನು ನಾಚಿಕೆಯಿಂದ ವೈದ್ಯರಿಗೆ ಮುಚ್ಚಿಟ್ಟರೆ ಅದರ ಬೆಲೆ ತೆರುವುದು ಇನ್ನೊಂದು ಮಗು.

ಒಂದು ಮಾತು ಸ್ಪಷ್ಟವಿರಲಿ. ದೇಹ ಪ್ರತಿಕಾಯ ತಯಾರಿಸಲು ಕಲಿತ ಮೇಲೆ ಈ ಮದ್ದಿನಿಂದ ಪ್ರಯೋಜನವಿಲ್ಲ. ಆಗ ದೊಡ್ಡ ಆಸ್ಪತ್ರೆಯ ನಿಗಾ ಬೇಕು. ಗರ್ಭದಲ್ಲಿರುವ ಮಗುವಿಗೇ ರಕ್ತ ಕೊಡುವ ವಿಧಾನಗಳೂ ಇವೆ. ಆದರೆ ಮೊದಲೇ ತಡೆಯುವುದು ಎಷ್ಟೋ ಸುಲಭ.

ಇಷ್ಟನ್ನೂ ಕೇಳಿದ ಮೇಲೆ ಹುಡುಗಿಯ ತಂದೆ ನಿಟ್ಟುಸಿರು ಬಿಟ್ಟರು. “ಅಂದರೆ ಮುಚ್ಚಿಡುವಂಥದ್ದೇನಲ್ಲ” ಎಂದರು.

“ಮುಚ್ಚಿಟ್ಟರೇ ತೊಂದರೆ. ಹೇಳಿದರೆ ಒಂದೆರಡು ಇಂಜೆಕ್ಷನ್ನಿಗೆ ಮುಗಿಯಿತು” ಎಂದೆ.

ಅವರು ಚೀಟಿಯನ್ನು ಮಡಿಸಿ ಜೇಬಿಗೆ ಇಟ್ಟುಕೊಳ್ಳಲು ಹೋದರು. “ಅದು ಮಗಳ ಹತ್ತಿರವೇ ಇರಲಿ. ಅವಳಿಗೆ ಬಾಯಿಪಾಠವೂ ಆಗಿರಲಿ” ಎಂದೆ. ಅಷ್ಟರಲ್ಲಿ ಪ್ರಾರ್ಥನೆಯ ಗಂಟೆ ಹೊಡೆಯಿತು.