ಊಟದ ಮೇಜಿನ ಹರಾಜು

ಐಪಿಎಲ್‌ನ ಮೊತ್ತಮೊದಲ ಆಟಗಾರರ ಹರಾಜು ಮುಂಬೈಯಲ್ಲಿ ನಡೆದದ್ದು 2008ರ ಫೆಬ್ರುವರಿಯಲ್ಲಿ. ಮನುಷ್ಯರನ್ನು ದನದ ಜಾತ್ರೆಯಲ್ಲಿ ಕೂಗುವಂತೆ ಬೆಲೆ ಕೂಗಿ ಕೊಳ್ಳುವುದು ಸರಿಯೇ ಎಂದು ಇಲ್ಲಿ ಚರ್ಚೆ ನಡೆದಿದ್ದಾಗ ನಾನು ಅಮೆರಿಕದ ಒಹಾಯೊ ರಾಜ್ಯದ ಆಕ್ರನ್‌ನಲ್ಲಿ ಕುಳಿತು ಅಂಥದೇ ಇನ್ನೊಂದು ಹರಾಜಿಗೆ ಸಿದ್ಧತೆ ಮಾಡುತ್ತಿದ್ದೆ. ನಮ್ಮದು ಒಬ್ಬ ಸ್ನೇಹಿತನ ಮನೆಯ ನೆಲಮಾಳಿಗೆಯಲ್ಲಿ, ಊಟದ ಮೇಜಿನ ಸುತ್ತ ಹನ್ನೆರಡು ಮಂದಿ ಕುಳಿತು ನಡೆಸುವ ಹರಾಜು. ಅಲ್ಲಿ ಮಾರಾಟವಾದ ಆಟಗಾರನಿಗೆ ತಾನು ಮಾರಾಟವಾದ ಸಂಗತಿ ಗೊತ್ತಾಗುವ ಸಂಭವವೇ ಇರಲಿಲ್ಲ.

ಇದಕ್ಕೆ ಫ್ಯಾಂಟಸಿ ಬೇಸ್‌ಬಾಲ್ ಎಂದು ಹೆಸರು. ನಿಜವಾದ ಬೇಸ್‌ಬಾಲ್ ಆಟಗಾರರನ್ನು ಕಾಲ್ಪನಿಕ ಹಣಕ್ಕೆ ಕೊಂಡು ಕಾಗದದ ಮೇಲೆ ಒಂದು ತಂಡ ಕಟ್ಟುವುದು, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಅವರು ಮೈದಾನದಲ್ಲಿ ಮಾಡಿದ ಸಾಧನೆಯನ್ನು ತನ್ನ ಲೆಕ್ಕಕ್ಕೆ ಬರೆದುಕೊಳ್ಳುವುದು, ಇಷ್ಟೇ ಆಟ. ಪ್ರತಿಯೊಬ್ಬನಿಗೂ 260 ಡಾಲರ್‌ಗಳ ಕಾಲ್ಪನಿಕ ಬಂಡವಾಳ. ಅದರಲ್ಲಿ 14 ಬ್ಯಾಟುಗಾರರು ಮತ್ತು 9 ಪಿಚರ್‌ಗಳು, ಒಟ್ಟು 23 ಮಂದಿಯನ್ನು ಕೊಳ್ಳಬೇಕು. ಹೋಮ್ ರನ್, ಬ್ಯಾಟಿಂಗ್ ಸರಾಸರಿ, ಕದ್ದ ಬೇಸ್‌ಗಳು, ಪಿಚರ್‌ನ ಗೆಲುವುಗಳು ಹೀಗೆ ಹತ್ತು ವಿಭಾಗ. ಪ್ರತಿ ವಿಭಾಗದಲ್ಲಿ ಮೊದಲ ಸ್ಥಾನಕ್ಕೆ 12 ಅಂಕ, ಕೊನೆಯವನಿಗೆ ಒಂದು. ಸರಿಸಮ ಬಂದರೆ ಅಂಕ ಹಂಚಿಕೊಳ್ಳಬೇಕು. ಆದ್ದರಿಂದಲೇ ಅರ್ಧ ಅಂಕಗಳೂ ಹುಟ್ಟಿಕೊಳ್ಳುತ್ತವೆ, ಅರ್ಧ ಅಂಕದ ಜಗಳಗಳೂ.

ಇದರ ಮೂಲಪುರುಷರು ಪಂಡಿತರೇ. 1960ರಲ್ಲಿ ವಿಲಿಯಂ ಗ್ಯಾಮ್ಸನ್ ಎಂಬ ಸಮಾಜಶಾಸ್ತ್ರಜ್ಞರು ಹಾರ್ವರ್ಡ್‌ನಲ್ಲಿ ಸಹೋದ್ಯೋಗಿಗಳನ್ನು ಕೂಡಿಸಿಕೊಂಡು ಇಂಥದೊಂದು ಆಟ ಆರಂಭಿಸಿದರು. ಜೂಜು ಎಂಬ ಅಪವಾದ ಬಾರದಿರಲೆಂದು ಅದಕ್ಕೆ ‘ಬೇಸ್‌ಬಾಲ್ ಸೆಮಿನಾರ್’ ಎಂದು ಹೆಸರಿಟ್ಟರು. ವಿಶ್ವವಿದ್ಯಾಲಯದಲ್ಲಿ ಸೆಮಿನಾರ್ ಎಂದ ಮೇಲೆ ಒಳಗೆ ಏನು ನಡೆಯುತ್ತದೆಂದು ಕೇಳುವವರು ಯಾರು? ಗ್ಯಾಮ್ಸನ್ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದಾಗ ಆಟವೂ ಅವರೊಡನೆ ಹೋಯಿತು. ಅಲ್ಲಿನ ಅಧ್ಯಾಪಕರಲ್ಲೊಬ್ಬರಾದ ರಾಬರ್ಟ್ ಸ್ಕ್ಲಾರ್ ಅವರಿಂದ ಅದರ ಸುದ್ದಿ ತಿಳಿದ ವಿದ್ಯಾರ್ಥಿ ಡೇನಿಯಲ್ ಓಕ್ರೆಂಟ್.

ಮುಂದೆ ಲೇಖಕ, ಸಂಪಾದಕನಾದ ಈ ಓಕ್ರೆಂಟ್ 1979ರ ಚಳಿಗಾಲದಲ್ಲಿ ಟೆಕ್ಸಸ್‌ಗೆ ಹೋಗುವ ವಿಮಾನದಲ್ಲಿ ಕುಳಿತು ಹೊಸ ನಿಯಮಗಳನ್ನು ಗೀಚಿಕೊಂಡರು. ನ್ಯೂಯಾರ್ಕಿನ ‘ಲಾ ರೋಟಿಸ್ಸರಿ ಫ್ರಾಂಸೇಸ್’ ಎಂಬ ಹೋಟೆಲಿನಲ್ಲಿ ಊಟಕ್ಕೆ ಸೇರುತ್ತಿದ್ದ ಗೆಳೆಯರ ಮುಂದೆ ಅವುಗಳನ್ನು ಇಟ್ಟರು. 1980ರಲ್ಲಿ ಮೊದಲ ಹರಾಜು ನಡೆಯಿತು. ಮಾಂಸವನ್ನು ಕಂಬಿಗೆ ಸಿಕ್ಕಿಸಿ ಸುಡುವ ಹೋಟೆಲಿನ ಹೆಸರೇ ಆಟಕ್ಕೆ ಅಂಟಿಕೊಂಡು ‘ರೋಟಿಸ್ಸರಿ ಲೀಗ್’ ಆಯಿತು. ಗೆದ್ದವನ ತಲೆಯ ಮೇಲೆ ಯೂ-ಹೂ ಎಂಬ ಚಾಕೊಲೇಟ್ ಪಾನೀಯ ಸುರಿಯುವುದು ಸಂಪ್ರದಾಯ. ಮರುವರ್ಷ ಆಟಗಾರರ ಮುಷ್ಕರದಿಂದ ಸುಮಾರು ಎರಡು ತಿಂಗಳು ನಿಜವಾದ ಬೇಸ್‌ಬಾಲ್ ನಿಂತುಹೋದಾಗ, ಬರೆಯಲು ಬೇರೇನೂ ಇಲ್ಲದ ಕ್ರೀಡಾ ವರದಿಗಾರರು ಈ ಕಾಗದದ ಆಟದ ಬಗ್ಗೆ ಬರೆದರು; ಅದು ದೇಶಕ್ಕೆಲ್ಲ ಹಬ್ಬಿತು. ಆಟವನ್ನು ಕಟ್ಟಿದ ಓಕ್ರೆಂಟ್ ಮಾತ್ರ ತಮ್ಮ ಲೀಗನ್ನು ಒಮ್ಮೆಯೂ ಗೆಲ್ಲಲಿಲ್ಲ. 2003ರಲ್ಲಿ ಅವರು ‘ನ್ಯೂಯಾರ್ಕ್ ಟೈಮ್ಸ್’ನ ಮೊದಲ ‘ಪಬ್ಲಿಕ್ ಎಡಿಟರ್’ ಆದರು. ಓದುಗರ ಪರವಾಗಿ ನಿಂತು ತನ್ನದೇ ಪತ್ರಿಕೆಯ ತಪ್ಪುಗಳನ್ನು ಎತ್ತಿ ತೋರಿಸುವ ನಿಷ್ಠುರದ ಹುದ್ದೆ ಅದು. ಸ್ನೇಹಿತರ ನಡುವೆ ಲೀಗ್ ನಡೆಸಿದವರಿಗೆ ಆ ಹುದ್ದೆ ತೀರ ಅಪರಿಚಿತವೆನಿಸಿರಲಾರದು ಎಂಬುದು ನನ್ನ ಊಹೆ.

ಏಕೆಂದರೆ ನಾನೂ ಆರು ವರ್ಷ ಕಮಿಷನರ್ ಆಗಿದ್ದೆ. ತಂಡ ಕಟ್ಟುವವರಲ್ಲೇ ಒಬ್ಬ ಲೀಗಿನ ಕಮಿಷನರ್ ಆಗಿ ನಿಯಮ ಪಾಲನೆ, ಹಣದ ಲೆಕ್ಕ, ವ್ಯಾಜ್ಯ ತೀರ್ಮಾನ ಎಲ್ಲವನ್ನೂ ನೋಡಿಕೊಳ್ಳಬೇಕು. ನಮ್ಮ ಕಡೆ ಪರಿಚಯದವರ ನಡುವೆ ಚೀಟಿ ನಡೆಸುವವರನ್ನು ನೆನೆಸಿಕೊಂಡರೆ ಈ ಕೆಲಸದ ಸ್ವರೂಪ ತಿಳಿಯುತ್ತದೆ: ಸಂಬಳವಿಲ್ಲ, ಅಧಿಕಾರ ಕಾಗದದ ಮೇಲಿಲ್ಲ, ಆದರೆ ಏನು ಕೆಟ್ಟರೂ ಹೊಣೆ ಅವರದೇ. ಐವತ್ತು ಡಾಲರ್ ವಂತಿಗೆಗೆ ಜೂನ್‌ವರೆಗೂ ಬೆನ್ನುಬೀಳಬೇಕು. ಗಾಯಗೊಂಡ ಆಟಗಾರನನ್ನು ತೆಗೆಯಲು ಮರೆತವನಿಗೆ ನೆನಪಿಸಬಾರದು, ನೆನಪಿಸಿದರೆ ಪಕ್ಷಪಾತ. ರಾತ್ರಿ ಹನ್ನೊಂದಕ್ಕೆ ಫೋನ್ ಬಂದರೆ ಊರಿನಿಂದ ಕೆಟ್ಟ ಸುದ್ದಿಯೇನೋ ಎಂದು ಹೆಂಡತಿ ಎದ್ದು ಕೂರುತ್ತಿದ್ದಳು. ಯಾವನೋ ಎರಡನೇ ಬೇಸಿನವನನ್ನು ಅದಲುಬದಲು ಮಾಡುವ ವಿಷಯವಾಗಿರುತ್ತಿತ್ತು.

ನಾನು ಈ ಪದವಿಗೆ ಏರಿದ್ದು ಅರ್ಹತೆಯಿಂದಲ್ಲ. 1999ರಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆಂದು ಅಲ್ಲಿಗೆ ಹೋದವನು ಕಚೇರಿಯ ಗೆಳೆಯರ ಒತ್ತಾಯಕ್ಕೆ ಲೀಗ್ ಸೇರಿದ್ದೆ. ಹಳೆಯ ಕಮಿಷನರ್ ಫ್ಲಾರಿಡಾಕ್ಕೆ ಹೊರಟಾಗ ಉಳಿದವರೆಲ್ಲ ಸೇರಿ ನನ್ನನ್ನು ಆರಿಸಿದರು. ಕಾರಣ ಇಷ್ಟೇ: ಬಾಲ್ಯದಿಂದ ಯಾವ ಬೇಸ್‌ಬಾಲ್ ತಂಡವನ್ನೂ ಪ್ರೀತಿಸದೆ ಬೆಳೆದವನು ಆ ಮೇಜಿನ ಸುತ್ತ ನಾನೊಬ್ಬನೇ. ಮೈಸೂರಿನಲ್ಲಿ ರಣಜಿ ಪಂದ್ಯಗಳ ರೇಡಿಯೊ ವೀಕ್ಷಕ ವಿವರಣೆ ಕೇಳಿ ಬೆಳೆದ ನನ್ನ ಅಜ್ಞಾನವನ್ನು ಅವರು ನಿಷ್ಪಕ್ಷಪಾತವೆಂದು ಭಾವಿಸಿದರು.

ನಮ್ಮ ಲೀಗಿನಲ್ಲಿ ಒಂದು ವಿಶೇಷ ನಿಯಮವಿತ್ತು. ಅಮೆರಿಕದ ಬೇಸ್‌ಬಾಲ್‌ನಲ್ಲಿ 30 ತಂಡಗಳು ಅಮೆರಿಕನ್ ಲೀಗ್, ನ್ಯಾಷನಲ್ ಲೀಗ್ ಎಂದು ಹಂಚಿಹೋಗಿವೆ. ನಾವು ಅಮೆರಿಕನ್ ಲೀಗಿನ ಆಟಗಾರರನ್ನು ಮಾತ್ರ ಕೊಳ್ಳುತ್ತಿದ್ದೆವು. ಆಗ ಅದರಲ್ಲಿದ್ದದ್ದು 14 ತಂಡ. ನಮಗೆ ಬೇಕಾದವರು 276 ಮಂದಿ. ಎಂದರೆ ಪ್ರಸಿದ್ಧರಷ್ಟೇ ಸಾಲದು, ಬೆಂಚಿನ ಮೇಲೆ ಕೂರುವವರ ಚರಿತ್ರೆಯೂ ಬಾಯಿಪಾಠವಾಗಿರಬೇಕು. ಇದರಲ್ಲಿ ಅಡಗಿದ್ದ ಅಪಾಯವೆಂದರೆ ನಡುವರ್ಷ ಒಬ್ಬ ಆಟಗಾರನನ್ನು ನ್ಯಾಷನಲ್ ಲೀಗಿನ ತಂಡಕ್ಕೆ ಮಾರಿಬಿಟ್ಟರೆ ಅವನು ನಮ್ಮ ಲೆಕ್ಕದಿಂದ ಮಾಯ. ನಿಯಮ ಪುಸ್ತಕದಲ್ಲಿ ಸ್ಪಷ್ಟವಾಗಿತ್ತು: ಅಲ್ಲಿಯವರೆಗಿನ ಅಂಕಿಗಳು ಉಳಿಯುತ್ತವೆ, ಮುಂದಿನವು ಸಿಗುವುದಿಲ್ಲ, ಪರಿಹಾರವಿಲ್ಲ.

2008ರ ಹರಾಜಿನಲ್ಲಿ ಸಿ.ಸಿ. ಸಬಾತಿಯಾ ಅವರನ್ನು ಕೊಂಡವನು ನನಗಿಂತ ಹತ್ತು ವರ್ಷ ಹಿರಿಯ ಗೆಳೆಯ. ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಲೆಕ್ಕಿಗ. ಕ್ಲೀವ್‌ಲ್ಯಾಂಡ್ ತಂಡದ ಪರಮ ಭಕ್ತ. ನನಗೆ ಬೇಸ್‌ಬಾಲ್ ಕಲಿಸಿದವನೇ ಅವನು. ಮೊದಲ ಬಾರಿ ಮೈದಾನಕ್ಕೆ ಕರೆದೊಯ್ದು, ಸ್ಕೋರ್ ಪುಸ್ತಕವನ್ನು ಪೆನ್ಸಿಲಿನಲ್ಲಿ ತುಂಬುವುದು ಹೇಗೆಂದು ಮಗುವಿಗೆ ತಿದ್ದಿಸಿದಂತೆ ತಿದ್ದಿಸಿದ್ದ. ಸಬಾತಿಯಾ ಹಿಂದಿನ ವರ್ಷ ಕ್ಲೀವ್‌ಲ್ಯಾಂಡ್ ಪರವಾಗಿ ಆಡಿ ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಪಡೆದಿದ್ದರು. ಗೆಳೆಯ ಎಲ್ಲರಿಗಿಂತ ಹೆಚ್ಚು ಕೂಗಿ ಅವರನ್ನು ಪಡೆದ.

ಆ ವರ್ಷದ ಮೊದಲ ನಾಲ್ಕು ಪಂದ್ಯಗಳಲ್ಲಿ ಸಬಾತಿಯಾ ಮೂರು ಸೋತರು. ಒಂಬತ್ತು ಇನಿಂಗ್ಸಿಗೆ ಎಷ್ಟು ರನ್ ಬಿಟ್ಟುಕೊಟ್ಟರೆಂಬ ಸರಾಸರಿ 13.50. ನಾಲ್ಕರೊಳಗಿದ್ದರೆ ಒಳ್ಳೆಯ ಪಿಚರ್ ಎನ್ನುತ್ತಾರೆ. ಮೇಜಿನ ಸುತ್ತಲಿನವರು ನಕ್ಕರು, ಅದಲುಬದಲಿಗೆ ಕರೆದರು. ಗೆಳೆಯ ಕೊಡಲಿಲ್ಲ. ‘ಅವನ ತೋಳು ನೋಡಿದ್ದೇನೆ, ಸರಿಹೋಗುತ್ತಾನೆ’ ಎಂದ. ಜೂನ್ ಹೊತ್ತಿಗೆ ಸರಿಹೋದರು ಕೂಡ. ಜುಲೈ 7ರಂದು ಕ್ಲೀವ್‌ಲ್ಯಾಂಡ್ ತಂಡ ಅವರನ್ನು ಮಿಲ್ವಾಕಿಗೆ ಬಿಟ್ಟುಕೊಟ್ಟಿತು. ಮಿಲ್ವಾಕಿ ನ್ಯಾಷನಲ್ ಲೀಗಿನದು.

ಮುಂದಿನದು ಬೇಸ್‌ಬಾಲ್ ಚರಿತ್ರೆಯಲ್ಲಿ ದಾಖಲಾಗಿದೆ. ಮಿಲ್ವಾಕಿಯಲ್ಲಿ ಸಬಾತಿಯಾ 11 ಗೆದ್ದು ಎರಡೇ ಸೋತರು, ಸರಾಸರಿ 1.65. ಕೊನೆಯ ದಿನಗಳಲ್ಲಿ ಸಾಕಷ್ಟು ವಿಶ್ರಾಂತಿಯೂ ಇಲ್ಲದೆ ಆಡಿ, 1982ರ ನಂತರ ಮೊದಲ ಬಾರಿಗೆ ಆ ತಂಡವನ್ನು ಅಂತಿಮ ಸುತ್ತುಗಳಿಗೆ ಒಯ್ದರು. ನಮ್ಮ ಲೀಗಿನಲ್ಲಿ ಅವರ ಕೆಟ್ಟ ಏಪ್ರಿಲ್ ಗೆಳೆಯನ ಲೆಕ್ಕದಲ್ಲಿ ಉಳಿಯಿತು. ಆ ಅದ್ಭುತ ಎರಡೂವರೆ ತಿಂಗಳು ಯಾರ ಲೆಕ್ಕಕ್ಕೂ ಸೇರಲಿಲ್ಲ.

ಜುಲೈಯಲ್ಲೇ ಅವನು ನನ್ನ ಮನೆಗೆ ಬಂದಿದ್ದ. ಬೇಡಲಿಲ್ಲ, ವಾದಿಸಿದ. ‘ನಾನು ಕೊಂಡದ್ದು ಆಟಗಾರನನ್ನು, ತಂಡವನ್ನಲ್ಲ. ಮಾಲೀಕರು ದುಡ್ಡಿಲ್ಲವೆಂದು ಅವನನ್ನು ಕಳಿಸಿದರೆ ಅದು ನನ್ನ ತಪ್ಪು ಹೇಗೆ?’ ಎಂದ. ಉತ್ತರ ನನ್ನಲ್ಲಿರಲಿಲ್ಲ, ಪುಸ್ತಕ ತೋರಿಸಿದೆ. ಋತುವಿನ ನಡುವೆ ನಿಯಮ ಬದಲಿಸಿದರೆ ಉಳಿದ ಹತ್ತು ಮಂದಿಗೆ ಏನು ಹೇಳಲಿ ಎಂದು ಕೇಳಿದೆ. ಅದು ನಿಜವೇ. ಆಗ ನನ್ನ ತಂಡ ನಾಲ್ಕನೆಯ ಸ್ಥಾನದಲ್ಲಿತ್ತು, ಅವನದು ಮೊದಲಿನದು ಎಂಬುದೂ ನಿಜವೇ. ನಿಯಮದ ಪರವಾಗಿ ಮಾತಾಡುವಾಗ ನನ್ನ ಧ್ವನಿ ಅಗತ್ಯಕ್ಕಿಂತ ತುಸು ಗಟ್ಟಿಯಾಗಿತ್ತೆಂದು ಈಗ ಅನ್ನಿಸುತ್ತದೆ. ಕೊನೆಗೆ ಅವನು ಒಂದೂವರೆ ಅಂಕದಿಂದ ಎರಡನೆಯವನಾದ. ಅಕ್ಟೋಬರ್‌ನ ಒಂದು ರಾತ್ರಿ ಮಿಲ್ವಾಕಿಯ ಅಂಕಿಗಳನ್ನೂ ಸೇರಿಸಿ ಲೆಕ್ಕ ಹಾಕಿ ನೋಡಿದೆ. ಅವನು ಸಲೀಸಾಗಿ ಗೆಲ್ಲುತ್ತಿದ್ದ. ಆ ಹಾಳೆಯನ್ನು ಯಾರಿಗೂ ತೋರಿಸಲಿಲ್ಲ.

ಅಷ್ಟರಲ್ಲಿ ಅಮೆರಿಕದ ಬ್ಯಾಂಕುಗಳು ಕುಸಿಯತೊಡಗಿದ್ದವು. ನವೆಂಬರಿನಲ್ಲಿ ಅವನ ಕೆಲಸ ಹೋಯಿತು. 2009ರ ಹರಾಜು ಯುಗಾದಿಯ ಮರುದಿನ ಬಂದಿತ್ತು. ಮನೆಯಲ್ಲಿ ಮಾಡಿದ ಹೋಳಿಗೆ ಒಯ್ದಿದ್ದೆ. ಹನ್ನೆರಡನೆಯ ಕುರ್ಚಿಯಲ್ಲಿ ಬೇರೆ ಯಾರೋ ಕುಳಿತಿದ್ದರು. ಅವನು ಬಾರದಿದ್ದದ್ದು ಸಬಾತಿಯಾ ಕಾರಣಕ್ಕೋ, ಕೆಲಸ ಹೋದ ಸಂಕೋಚಕ್ಕೋ, ಐವತ್ತು ಡಾಲರಿಗೋ ನಾನು ಕೇಳಲಿಲ್ಲ. ಕೇಳಬೇಕಾಗಿತ್ತು. ನಿಯಮ ಪುಸ್ತಕದಲ್ಲಿ ಅದಕ್ಕೊಂದು ಕಲಮು ಇರಲಿಲ್ಲವೆಂದು ಸುಮ್ಮನಾದೆನೋ ಏನೋ.

ಆ ವರ್ಷವೂ ಕ್ಲೀವ್‌ಲ್ಯಾಂಡ್ ಅದನ್ನೇ ಮಾಡಿತು. ಹಿಂದಿನ ವರ್ಷದ ಸೈ ಯಂಗ್ ವಿಜೇತ ಕ್ಲಿಫ್ ಲೀ ಅವರನ್ನು ಜುಲೈ ಕೊನೆಯಲ್ಲಿ ನ್ಯಾಷನಲ್ ಲೀಗಿನ ಫಿಲಡೆಲ್ಫಿಯಕ್ಕೆ ಕೊಟ್ಟಿತು. ಈ ಸಲ ಲೀ ಅವರನ್ನು ಕೊಂಡಿದ್ದವನು ನಮ್ಮಲ್ಲೇ ಅತ್ಯಂತ ಗಟ್ಟಿ ಬಾಯಿಯವನು. ಕೂಡಲೇ ನಿಯಮ ಬದಲಿಸುವ ಮಾತೆದ್ದಿತು. ಮುಂದಿನ ವರ್ಷದಿಂದ ಹೊರಹೋದವನ ಅಂಕಿಗಳೂ ವರ್ಷಾಂತ್ಯದವರೆಗೆ ಸಲ್ಲಬೇಕೆಂದು ಒಂಬತ್ತು ಮಂದಿ ಕೈ ಎತ್ತಿದರು. ಹೋದ ವರ್ಷ ಒಬ್ಬನೇ ಬಂದು ಹೇಳಿದ್ದು ಇದನ್ನೇ.

ಇಲ್ಲಿ ಒಂದು ಮಾತು ಹೇಳಬೇಕು. ಬೆಂಗಳೂರಿಗೆ ಮರಳಿದ ಮೇಲೆ ಫ್ಯಾಂಟಸಿ ಎಂದರೆ ಜನ ಡ್ರೀಮ್ ಇಲೆವೆನ್ ಎಂದುಕೊಳ್ಳುವುದನ್ನು ಕಂಡೆ. 2020ರಲ್ಲಿ ಆ ಕಂಪನಿ ಐಪಿಎಲ್‌ಗೇ ಶೀರ್ಷಿಕೆ ಪ್ರಾಯೋಜಕನಾಗಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾನೂನು 2025ರ ಆಗಸ್ಟ್‌ನಲ್ಲಿ ಬಂದಾಗ ಅದರ ಹಣದ ಸ್ಪರ್ಧೆಗಳು ನಿಂತವು. ಆ ನಿಷೇಧದ ಬಗ್ಗೆ ನನಗೆ ದುಃಖವಿಲ್ಲ. ಒಂದೇ ಸಂಜೆಯ ಪಂದ್ಯಕ್ಕೆ, ಮುಖ ಕಾಣದ ಲಕ್ಷಾಂತರ ಮಂದಿಯ ವಿರುದ್ಧ ಹಣ ಕಟ್ಟುವುದಕ್ಕೂ ಆರು ತಿಂಗಳು ಹನ್ನೊಂದು ಮಂದಿ ಪರಿಚಿತರೊಡನೆ ಹೆಣಗುವುದಕ್ಕೂ ಹೆಸರೊಂದೇ ಸಮಾನ. ಅಲ್ಲಿ ಸೋತವನಿಗೆ ಯಾರ ಮನೆಗೆ ಹೋಗಿ ವಾದಿಸಬೇಕೆಂಬುದೇ ಗೊತ್ತಿರುವುದಿಲ್ಲ.

2009ರ ಅಕ್ಟೋಬರ್ 28. ವಿಶ್ವ ಸರಣಿಯ ಮೊದಲ ಪಂದ್ಯ, ನ್ಯೂಯಾರ್ಕ್‌ನಲ್ಲಿ. ಯಾಂಕೀಸ್ ಪರವಾಗಿ ಪಿಚರ್ ಸಬಾತಿಯಾ, ಫಿಲಡೆಲ್ಫಿಯ ಪರವಾಗಿ ಕ್ಲಿಫ್ ಲೀ. ಕ್ಲೀವ್‌ಲ್ಯಾಂಡ್ ಕೈಬಿಟ್ಟ ಇಬ್ಬರು ದೇಶದ ಅತಿ ದೊಡ್ಡ ವೇದಿಕೆಯಲ್ಲಿ ಎದುರುಬದುರು. ಆರನೆಯ ಇನಿಂಗ್ಸ್‌ನಲ್ಲಿ ಮೇಲಕ್ಕೆ ಹಾರಿ ಬಂದ ಚೆಂಡನ್ನು ಲೀ ನಿಂತಲ್ಲೇ ನಿಂತು, ಮರದಿಂದ ಬಿದ್ದ ಹಣ್ಣು ಹಿಡಿದಷ್ಟು ಉದಾಸೀನವಾಗಿ ಹಿಡಿದರು. ಆಗ ಫೋನ್ ಬಡಿದುಕೊಂಡಿತು. ಹೆಂಡತಿ ಎದ್ದು ಕುಳಿತಳು.

‘ನೋಡುತ್ತಿದ್ದೀಯಾ?’ ಎಂದ ಗೆಳೆಯ. ವರ್ಷದ ಮೇಲೆ ಕೇಳಿದ ಧ್ವನಿ.

‘ನೋಡುತ್ತಿದ್ದೇನೆ.’

‘ಇಬ್ಬರೂ ನಮ್ಮವರೇ ಕಣಯ್ಯ.’

ಪಂದ್ಯ ಮುಗಿಯುವವರೆಗೂ ಫೋನ್ ಇಡಲಿಲ್ಲ. ಫಿಲಡೆಲ್ಫಿಯ 6-1ರಿಂದ ಗೆದ್ದಿತು. ಲೀ ಇಡೀ ಪಂದ್ಯವನ್ನು ಒಬ್ಬರೇ ಎಸೆದು ಮುಗಿಸಿದರು. ನಾವು ಆಡಿದ ಮಾತು ಬಹಳ ಕಡಿಮೆ. ಸಣ್ಣದೊಂದು ಸಂಸ್ಥೆಯಲ್ಲಿ ಅರ್ಧ ದಿನದ ಲೆಕ್ಕಪತ್ರದ ಕೆಲಸ ಸಿಕ್ಕಿದೆ ಎಂದು ನಡುವೆ ಹೇಳಿದ. ನಿಯಮ ಬದಲಾಯಿತೆಂದು ನಾನು ಹೇಳಿದೆ. ‘ಗೊತ್ತು’ ಎಂದ; ಯಾರು ತಿಳಿಸಿದರೆಂದು ಹೇಳಲಿಲ್ಲ. ಆ ಹಳೆಯ ಹಾಳೆಯ ಸಂಗತಿಯನ್ನೂ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನೂ ಲೆಕ್ಕ ಹಾಕಿದ್ದೆ, ನಾನು ಲೆಕ್ಕಿಗ ಅಲ್ಲವೇ?’ ಎಂದ.

ಆ ಚಳಿಗಾಲದಲ್ಲಿ ಲೀ ಅವರನ್ನು ಅಮೆರಿಕನ್ ಲೀಗಿನ ಸಿಯಾಟಲ್ ತಂಡ ಪಡೆದುಕೊಂಡಿತು. ಹೀಗಾಗಿ 2010ರ ವಸಂತದಲ್ಲಿ ಇಬ್ಬರೂ ಮತ್ತೆ ನಮ್ಮ ಮೇಜಿಗೆ ಬಂದರು. ಗೆಳೆಯನೂ ಬಂದ, ಐವತ್ತು ಡಾಲರನ್ನು ಎಲ್ಲರಿಗಿಂತ ಮೊದಲು ಎಣಿಸಿಟ್ಟ. ಹರಾಜಿನಲ್ಲಿ ಸಬಾತಿಯಾ, ಲೀ ಇಬ್ಬರನ್ನೂ ಯಾರಿಗೂ ಬಿಡದೆ ಕೂಗಿ ಕೊಂಡ. ಬ್ಯಾಟುಗಾರರಿಗೆಂದು ಅವನ ಬಳಿ ಹಣವೇ ಉಳಿಯಲಿಲ್ಲ. ಆ ವರ್ಷ ಅವನು ಒಂಬತ್ತನೆಯವನಾದ.