ಹೆದ್ದಾರಿಯನ್ನೇ ತಡೆದಿದ್ದ ನಿಪ್ಪಾಣಿಯಲ್ಲಿ ಈಗ ಕಾರು ಯಾಕೆ ನಿಲ್ಲೋದಿಲ್ಲ?

ಬೆಂಗಳೂರಿನಿಂದ ಪುಣೆಗೆ ಕಾರಿನಲ್ಲಿ ಹೋಗಿ ಬಂದವರನ್ನು ಕೇಳಿ ನೋಡಿ, ನಿಪ್ಪಾಣಿಯಲ್ಲಿ ಏನು ನೋಡಿದಿರಿ ಅಂತ. ಹೆಚ್ಚಿನವರಿಗೆ ನೆನಪಾಗೋದು ಕೊಗನೊಳ್ಳಿ ಟೋಲ್ ನಾಕಾ, ಅಷ್ಟೇ. ಅದು ದಾಟಿದರೆ ಮಹಾರಾಷ್ಟ್ರ. ಕೊಲ್ಹಾಪುರದಲ್ಲಿ ಇಳಿದು ಒಂದು ಜೊತೆ ಚಪ್ಪಲಿ ಕೊಂಡು ಮುಂದೆ ಹೋಗ್ತಾರೆ. ಆ ಚಪ್ಪಲಿ ತಾವು ಈಗಷ್ಟೇ ಬಿಟ್ಟು ಬಂದ ಬೆಳಗಾವಿ ಜಿಲ್ಲೆಯ ಅಥಣಿಯಲ್ಲಿ ತಯಾರಾಗಿರಬಹುದು ಅನ್ನೋದು ಅವರಿಗೆ ಹೊಳೆಯೋದೇ ಇಲ್ಲ.

ಇದು ಪ್ರಯಾಣಿಕರ ತಪ್ಪಲ್ಲ. ಗಂಟೆಗೆ 100 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. 150 ಮೀಟರ್ ದೂರದಿಂದ ಕಾಣುವ ಬೋರ್ಡನ್ನು ಓದಿ, ನಿಲ್ಲಬೇಕೋ ಬೇಡವೋ ಅಂತ ತೀರ್ಮಾನಿಸಲು ಸಿಗೋದು ಐದಾರು ಸೆಕೆಂಡ್. ಹೆದ್ದಾರಿ ಚೆನ್ನಾದಷ್ಟೂ ಪಕ್ಕದ ಊರು ಕಣ್ಣಿಂದ ಮರೆಯಾಗುತ್ತೆ. ನಿಲ್ಲಲು ಕಾರಣ ಬೇಕು, ಆ ಕಾರಣ ಮೊದಲೇ ಗೊತ್ತಿರಬೇಕು.

ಅಮೆರಿಕದವರು ಮಾಡಿದ್ದೇನು?

ಈ ಸಮಸ್ಯೆ ಅಮೆರಿಕಕ್ಕೆ ನಮಗಿಂತ ಬಹಳ ಮೊದಲೇ ಎದುರಾಗಿತ್ತು. ಸೌತ್ ಡಕೋಟಾದ ವಾಲ್ ಅನ್ನೋ ಪುಟ್ಟ ಊರಲ್ಲಿ 1931ರಲ್ಲಿ ಟೆಡ್ ಹಸ್ಟೆಡ್ ಒಂದು ಔಷಧಿ ಅಂಗಡಿ ಕೊಂಡರು. ಗಿರಾಕಿಗಳೇ ಇಲ್ಲ. 1936ರಲ್ಲಿ ಅವರ ಹೆಂಡತಿ ಡೊರೊತಿ ಕೊಟ್ಟ ಉಪಾಯದಂತೆ ಹೆದ್ದಾರಿಯುದ್ದಕ್ಕೂ ‘ಐಸ್ ನೀರು ಉಚಿತ’ ಅಂತ ಬೋರ್ಡ್ ಹಾಕಿದರು. ಸುಡುಬಿಸಿಲಲ್ಲಿ ಬಂದವರು ನಿಂತರು. ಇವತ್ತು ‘ವಾಲ್ ಡ್ರಗ್’ ನೋಡಲೆಂದೇ ಜನ ಹೋಗ್ತಾರೆ. ಇಲಿನಾಯ್‌ನ ಕಾಲಿನ್ಸ್‌ವಿಲ್‌ನಲ್ಲಿ ಕೆಚಪ್ ಕಾರ್ಖಾನೆಯವರು 1949ರಲ್ಲಿ ತಮ್ಮ ನೀರಿನ ಟ್ಯಾಂಕನ್ನೇ ಕೆಚಪ್ ಬಾಟಲಿ ಆಕಾರದಲ್ಲಿ ಕಟ್ಟಿದರು. ಕ್ಯಾನ್ಸಸ್‌ನ ಕಾಕರ್ ಸಿಟಿಯಲ್ಲಿ ಫ್ರಾಂಕ್ ಸ್ಟೋಬರ್ ಅನ್ನೋ ರೈತ 1953ರಲ್ಲಿ ಹುಲ್ಲು ಕಟ್ಟುವ ದಾರವನ್ನು ಉಂಡೆ ಸುತ್ತಲು ಶುರು ಮಾಡಿದ. ಊರಿನವರು ಈಗಲೂ ಸುತ್ತುತ್ತಿದ್ದಾರೆ.

ಕೇಳೋಕೆ ಹುಚ್ಚಾಟ. ಆದರೆ ಇವುಗಳಲ್ಲಿ ಹೆಚ್ಚಿನವು ಆ ಊರಿನ ಕಸುಬಿನಿಂದಲೇ ಹುಟ್ಟಿದವು.

ಇನ್ನೊಂದು ಉದಾಹರಣೆ ನಮಗೆ ಹೆಚ್ಚು ಮುಖ್ಯ. ಅರಿಝೋನಾದ ಸೆಲಿಗ್‌ಮನ್ ಊರು 1926ರ ಹಳೆ ಹೆದ್ದಾರಿ ‘ರೂಟ್ 66’ರ ಮೇಲಿತ್ತು. 1978ರಲ್ಲಿ ಹೊಸ ಹೆದ್ದಾರಿ ಊರನ್ನು ಬದಿಗೆ ತಳ್ಳಿತು, ವ್ಯಾಪಾರ ಸತ್ತಿತು. 1987ರಲ್ಲಿ ಅಲ್ಲಿನ ಕ್ಷೌರಿಕ ಏಂಜೆಲ್ ಡೆಲ್ಗಡಿಲ್ಲೊ ಊರವರನ್ನು ಸೇರಿಸಿ ಸಂಘ ಕಟ್ಟಿ, ಹಳೆ ರಸ್ತೆಯನ್ನು ‘ಐತಿಹಾಸಿಕ’ ಅಂತ ಘೋಷಿಸುವಂತೆ ರಾಜ್ಯ ಸರ್ಕಾರವನ್ನು ಒಪ್ಪಿಸಿದರು. ಬೋರ್ಡ್ ಬಂತು, ಹಿಂದೆಯೇ ಜನ ಬಂದರು.

ನಮ್ಮಲ್ಲಿ ಇರೋದೇನು?

ಈ ಭಾಗದ ಐದು ತಾಲ್ಲೂಕುಗಳಲ್ಲಿ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗೋದು ನಿಪ್ಪಾಣಿಯಲ್ಲಿ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಅದರ ಪೂರ್ವಕ್ಕಿವೆ. ಹೆದ್ದಾರಿ ಬದಿಯಲ್ಲೇ ಸ್ತವನಿಧಿಯ ಜೈನ ಕ್ಷೇತ್ರವಿದೆ. ಒಳಗೆ ಹೋದರೆ ಕೃಷ್ಣೆ ದಂಡೆಯ ಯಡೂರ ವೀರಭದ್ರ, ಚಿಂಚಲಿ ಮಾಯಕ್ಕ, ಉಗಾರದ ಸಕ್ಕರೆ ಕಾರ್ಖಾನೆ, ಶೇಡಬಾಳದ ಜೈನ ಆಶ್ರಮ.

ನಿಪ್ಪಾಣಿಗಂತೂ ಹೆದ್ದಾರಿಯದ್ದೇ ಕತೆ ಇದೆ. 1981ರಲ್ಲಿ ತಂಬಾಕಿಗೆ ಸರಿಯಾದ ಬೆಲೆ ಬೇಕು ಅಂತ ಶರದ್ ಜೋಶಿ ನೇತೃತ್ವದಲ್ಲಿ ರೈತರು ಇದೇ ಪುಣೆ–ಬೆಂಗಳೂರು ರಸ್ತೆಯಲ್ಲಿ ವಾರಗಟ್ಟಲೆ ಕೂತರು. ಏಪ್ರಿಲ್ 6ರಂದು ಗೋಲಿಬಾರ್ ಆಯ್ತು, ರೈತರು ಪ್ರಾಣ ಕಳಕೊಂಡರು. ಪ್ರತಿ ಜುಲೈ 21ಕ್ಕೆ ನರಗುಂದ–ನವಲಗುಂದವನ್ನು ನೆನೆಯುವ ಕರ್ನಾಟಕ, ಅದರ ಮರುವರ್ಷವೇ ಆದ ಇದನ್ನು ಅಷ್ಟಾಗಿ ನೆನೆಯೋದಿಲ್ಲ.

ಇನ್ನು ಚಪ್ಪಲಿ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲು, ಮೊಳೆ ಇಲ್ಲದ ಕೈಹೊಲಿಗೆ. ಅಥಣಿ, ಮದಬಾವಿ, ನಿಪ್ಪಾಣಿ ಭಾಗದ ದಲಿತ ಕುಟುಂಬಗಳು ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸ ಇದು. ಜಡೆ ಹೆಣೆಯುವ ಕೆಲಸದಲ್ಲಿ ಹೆಣ್ಣುಮಕ್ಕಳದ್ದು ದೊಡ್ಡ ಪಾಲು. 2019ರಲ್ಲಿ ಬಂದ ಜಿಐ ಟ್ಯಾಗ್ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಕ್ಕೂ ಸೇರಿದೆ. ಆದರೆ ಹೆಸರು ಮಾತ್ರ ಕೊಲ್ಹಾಪುರಿ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಇಂಥದ್ದೇ ಚಪ್ಪಲಿಯನ್ನು ಮಿಲಾನ್‌ನಲ್ಲಿ ಮೂಲ ಹೇಳದೆ ತೋರಿಸಿದಾಗ ದೊಡ್ಡ ಗಲಾಟೆಯಾಯ್ತು. ಡಿಸೆಂಬರ್‌ನಲ್ಲಿ ಅದು ನಮ್ಮ ಲಿಡ್‌ಕರ್ ಮತ್ತು ಮಹಾರಾಷ್ಟ್ರದ ಲಿಡ್‌ಕಾಮ್ ಜೊತೆ ಒಪ್ಪಂದ ಮಾಡಿಕೊಂಡಿತು: 2,000 ಜೊತೆ, ಜೊತೆಗೆ ಸುಮಾರು 800 ಯೂರೊ.

ಪ್ರಾಡಾ ಮೂಲ ಹೇಳಲಿಲ್ಲ ಅಂತ ನಾವು ಸಿಟ್ಟಾದದ್ದು ಸರಿ. ಆದರೆ ಹೆದ್ದಾರಿಯಲ್ಲಿ ನಾವಾದರೂ ಎಷ್ಟು ಹೇಳಿದ್ದೀವಿ?

ಬೋರ್ಡಿನ ಜಗಳ

ಗಡಿಯಲ್ಲಿ ಬೋರ್ಡ್ ಅಂದ ತಕ್ಷಣ ನೆನಪಾಗೋದು ಮಸಿ ಬಳಿಯೋದು. ಕನ್ನಡವೋ ಮರಾಠಿಯೋ ಅನ್ನೋ ಜಗಳದಲ್ಲಿ, ಆ ಬೋರ್ಡ್ ಊರಿನ ಬಗ್ಗೆ ಏನು ಹೇಳಬೇಕು ಅನ್ನೋ ಪ್ರಶ್ನೆ ಏಳೋದೇ ಇಲ್ಲ.

ಹಾಗಂತ ನಿಪ್ಪಾಣಿಯಲ್ಲಿ ಐವತ್ತು ಅಡಿ ಚಪ್ಪಲಿ ನಿಲ್ಲಿಸಿ ಅಂತ ನಾನು ಹೇಳ್ತಿಲ್ಲ. ನಿಲ್ಲಿಸಿದರೂ ಬೇಸರವಿಲ್ಲ, ಮಕ್ಕಳು ಫೋಟೊ ತೆಗೆಸಿಕೊಳ್ಳಲಿ. ಆದರೆ ಅದರ ಕೆಳಗೆ ರೆಕ್ಸಿನ್ ಚಪ್ಪಲಿ ಮಾರುವ ಮಳಿಗೆ ಬಂದರೆ ಅಥಣಿಯ ಕುಶಲಕರ್ಮಿಗೆ ಏನೂ ಸಿಗೋದಿಲ್ಲ. ಬೇಕಿರೋದು ಮೂರು: ನಿಪ್ಪಾಣಿಗೆ ಐದು, ಎರಡು, ಒಂದು ಕಿ.ಮೀ. ಮೊದಲೇ ಕಾಣುವ ಪ್ರವಾಸಿ ಫಲಕಗಳು. ಸರ್ವಿಸ್ ರಸ್ತೆಯಲ್ಲಿ ಮಾಡಿದವರೇ ಮಾರುವ ಜಿಐ ಮಳಿಗೆ. ಮತ್ತು 1981ರ ಕತೆ ಹೇಳುವ ಒಂದು ಕಲ್ಲು, ಎರಡೂ ಭಾಷೆಯಲ್ಲಿ.

ಫಲಕ ಹಾಕಬೇಕಾದವರು ಹೆದ್ದಾರಿ ಪ್ರಾಧಿಕಾರ ಮತ್ತು ಪ್ರವಾಸೋದ್ಯಮ ಇಲಾಖೆ, ಮಳಿಗೆ ನಡೆಸಬೇಕಾದದ್ದು ಲಿಡ್‌ಕರ್. ಈ ಭಾಗದ ಶಾಸಕರು ಮುಂದಿನ ಅಧಿವೇಶನದಲ್ಲಿ ಗಡಿ ವಿಷಯಕ್ಕೆ ಎದ್ದು ನಿಂತಾಗ ಇದನ್ನೂ ಕೇಳಲಿ.